ಬೇಸಿಗೆ ಎಂಬ ಮಾತಿನ ಬೇರು



ವಾರ್ಷಿಕ ಪರೀಕ್ಷೆ ಮುಗಿಯುತ್ತ ಬಂದಂತೆ ನಮ್ಮ ಮಕ್ಕಳ ಬಾಯಲ್ಲಿ ರಜೆಯ ಮಾತು ಶುರುವಾಗುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಹುಡುಗ ಅದನ್ನು ‘ಉನ್ಹಾಳಿ ಸುಟ್ಟಿ’ ಅನ್ನುತ್ತಾನೆ. ಆದೋನಿ, ಮಡಕಶಿರಾ ಕಡೆಯ ಹುಡುಗಿ ‘ವೇಸವಿ ಸೆಲವುಲು’ ಅನ್ನುತ್ತಾಳೆ. ಹೊಸೂರು, ತಾಳವಾಡಿಯಲ್ಲಿ ಅದು ‘ಕೋಡೈ ವಿಡುಮುರೈ’. ಕಾಸರಗೋಡು, ವಯನಾಡಿನಲ್ಲಿ ‘ವೇನಲವಧಿ’. ಇದೇ ಮಕ್ಕಳು ಮನೆಗೆ ಬಂದು ಅಜ್ಜಿಯ ಮುಂದೆ ಹೇಳುವಾಗ ಅದು ‘ಬೇಸಿಗೆ ರಜೆ’ ಆಗುತ್ತದೆ. ಈಚೆಗೆ ಎಲ್ಲ ಗಡಿಗಳಲ್ಲೂ ‘ಸಮ್ಮರ್ ಹಾಲಿಡೇಸ್’ ಎಂಬುದೂ ಬಂದು ಕೂತಿದೆ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಭಾಷಾಪಂಡಿತನಲ್ಲ. ಆದರೆ ಗಡಿಯ ಶಾಖೆಗಳಲ್ಲಿ ಕೆಲಸ ಮಾಡಿದವನಿಗೆ ಒಂದೇ ಸಂಗತಿಯನ್ನು ದಿನಕ್ಕೆ ಮೂರು ಭಾಷೆಗಳಲ್ಲಿ ಕೇಳುವ ಅಭ್ಯಾಸವಿರುತ್ತದೆ. ಆ ಅಭ್ಯಾಸದ ಬಲದಿಂದ ಈ ದಿನ ‘ಬೇಸಿಗೆ’ ಎಂಬ ಒಂದೇ ಮಾತಿನ ಚರಿತ್ರೆಯನ್ನು ನಿಮ್ಮ ಮುಂದಿಡುತ್ತೇನೆ. ಈ ಮಾತಿನ ಬೇರನ್ನು ಕಾಣಲು ಗಡಿಯಲ್ಲಿ ನಿಂತವರಿಗೆ ಅನುಕೂಲ ಹೆಚ್ಚು. ಎರಡು ಭಾಷೆ ಬಲ್ಲ ನಿಮಗೆ ಅರ್ಧ ಪಾಠ ಆಗಲೇ ಗೊತ್ತಿದೆ.

ಮೊದಲು ಮಾತಿನ ಅರ್ಥ ನೋಡೋಣ. ಹಳೆಯ ರೂಪ ‘ಬೇಸಗೆ’. ಇದರ ಮೂಲದಲ್ಲಿ ‘ಬೇ’ ಎಂಬ ಚಿಕ್ಕ ಧಾತು ಇದೆ. ಬೇಯು, ಬೇಯಿಸು, ಬೆಂದಿತು, ಬೇಗೆ — ಇವೆಲ್ಲ ಅದೇ ಬಳಗದವು. ಒಲೆಯ ಮೇಲೆ ಬೇಳೆ ಬೇಯುತ್ತದೆ, ಬಿಸಿಲಿನಲ್ಲಿ ಮೈ ಬೇಯುತ್ತದೆ, ದುಃಖದಲ್ಲಿ ಮನಸ್ಸು ಬೇಯುತ್ತದೆ. ನೆಲ, ಗಾಳಿ, ಮೈ ಎಲ್ಲವೂ ಬೇಯುವ ಕಾಲವೇ ಬೇಸಗೆ. ಈ ಹೆಸರನ್ನು ಯಾವ ಪಂಡಿತರೂ ಪಂಚಾಂಗ ನೋಡಿ ಇಟ್ಟದ್ದಲ್ಲ. ಹೊಲದಲ್ಲಿ ನಿಂತವರು ಮೈಗೆ ತಾಗಿದ್ದನ್ನು ಹಾಗೆಯೇ ಹೇಳಿದ್ದಾರೆ.

ಇನ್ನು ನೆರೆಹೊರೆಯ ಭಾಷೆಗಳಿಗೆ ಬರೋಣ. ನಿಮಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ, ಆದರೆ ಸಾಲಾಗಿ ಇಟ್ಟು ನೋಡಿರಲಾರಿರಿ. ನಮ್ಮ ‘ಬೇರು’ ತೆಲುಗಿನಲ್ಲಿ ‘ವೇರು’, ತಮಿಳಿನಲ್ಲಿ ‘ವೇರ್’. ನಮ್ಮ ‘ಬಿಲ್ಲು’ ತೆಲುಗಿನಲ್ಲಿ ‘ವಿಲ್ಲು’, ತಮಿಳು ಮಲಯಾಳಗಳಲ್ಲಿ ‘ವಿಲ್’. ನಮ್ಮ ‘ಬೆಣ್ಣೆ’ ತಮಿಳಿನಲ್ಲಿ ‘ವೆಣ್ಣೆಯ್’, ಮಲಯಾಳದಲ್ಲಿ ‘ವೆಣ್ಣ’, ತೆಲುಗಿನಲ್ಲಿ ‘ವೆನ್ನ’. ಯುಗಾದಿಯ ‘ಬೇವು’ ತೆಲುಗರಿಗೆ ‘ವೇಪ’, ತಮಿಳರಿಗೆ ‘ವೇಂಬು’, ಮಲಯಾಳಿಗಳಿಗೆ ‘ವೇಪ್ಪು’. ಅಂದರೆ ಅವರು ‘ವ’ ಎಂದು ಶುರುಮಾಡುವ ಎಷ್ಟೋ ಮಾತುಗಳನ್ನು ನಾವು ‘ಬ’ ಎಂದು ಶುರುಮಾಡುತ್ತೇವೆ. ಮೂಲದಲ್ಲಿ ‘ವ’ ಇತ್ತು, ಕನ್ನಡದಲ್ಲಿ ಅದು ‘ಬ’ ಆಯಿತು ಎಂದು ಭಾಷೆ ಬಲ್ಲವರು ಹೇಳುತ್ತಾರೆ.

ಈ ಬದಲಾವಣೆ ನಿನ್ನೆ ಮೊನ್ನೆಯದಲ್ಲ. ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು ಎಂದು ಎಣಿಕೆ. ಅದರಲ್ಲಿ ‘ಬಾಳ್ಗಳ್ಚು’ ಎಂಬ ಮಾತು ಬರುತ್ತದೆ. ವೀರನ ಕತ್ತಿ ತೊಳೆದು ಗೌರವಿಸಿ ಕೊಟ್ಟ ದತ್ತಿ ಎಂದು ಅದರ ಅರ್ಥ. ಅಲ್ಲಿನ ‘ಬಾಳ್’ ಅಂದರೆ ಕತ್ತಿ. ತಮಿಳಿನಲ್ಲಿ ಇಂದಿಗೂ ಕತ್ತಿಗೆ ‘ವಾಳ್’ ಎನ್ನುತ್ತಾರೆ. ಅಂದರೆ ಸಾವಿರದ ಐನೂರು ವರ್ಷಗಳ ಹಿಂದೆಯೇ ಕನ್ನಡಿಗರ ಬಾಯಲ್ಲಿ ‘ವ’ ಹೋಗಿ ‘ಬ’ ನೆಲೆಯಾಗಿತ್ತು.

ಈ ಕೀಲಿಕೈಯನ್ನು ಬೇಸಿಗೆಯ ಬೀಗಕ್ಕೆ ಹಾಕಿ ನೋಡಿ. ತಮಿಳಿನಲ್ಲಿ ‘ವೇ’ ಅಂದರೆ ಬೇಯು. ಅನ್ನ ಬೆಂದರೆ ಅವರು ‘ವೆಂದದು’ ಎನ್ನುತ್ತಾರೆ. ಅದೇ ‘ವೇ’ಯಿಂದ ಅವರ ಹಳೆಯ ಋತುವಿನ ಹೆಸರು ‘ವೇನಿಲ್’ ಹುಟ್ಟಿದೆ. ಪ್ರಾಚೀನ ತಮಿಳು ಪರಂಪರೆಯ ಆರು ಋತುಗಳಲ್ಲಿ ಎರಡು ‘ಇಳವೇನಿಲ್’ ಮತ್ತು ‘ಮುದುವೇನಿಲ್’, ಅಂದರೆ ಎಳೆಯ ಬೇಸಿಗೆ ಮತ್ತು ಬಲಿತ ಬೇಸಿಗೆ. ಹೊಸೂರು, ತಾಳವಾಡಿಯ ಮಕ್ಕಳು ಇದನ್ನು ತಮಿಳು ಪಾಠದಲ್ಲಿ ಓದಿರುತ್ತಾರೆ. ಅವರು ಶಾಲೆಯಲ್ಲಿ ಓದಿದ ಮಾತೂ ಮನೆಯ ಮಾತೂ ಒಂದೇ ಬೇರಿನವು ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಮಲಯಾಳದ ‘ವೇನಲ್’ ಕೂಡ ಇದೇ. ಈಗ ತಮಿಳಿನ ದಿನಬಳಕೆಯಲ್ಲಿ ‘ಕೋಡೈ’ ಎಂಬ ಬೇರೆ ಮಾತು ಮುಂದಾಗಿದೆ. ಹಳೆಯ ತಮಿಳಿನಲ್ಲಿ ಕೋಡೈ ಎಂದರೆ ಪಡುವಣ ಗಾಳಿ ಎಂಬ ಅರ್ಥವೂ ಇತ್ತು.

ತೆಲುಗಿನ ಸಂಗತಿ ಇನ್ನೂ ಹತ್ತಿರದ್ದು. ಅಲ್ಲಿ ‘ವೇಸವಿ’ ಇದೆ, ‘ವೇಸಗಿ’ ಇದೆ, ‘ವೇಸಂಗಿ’ಯೂ ಇದೆ. ‘ವೇಸಗಿ’ಯ ವಕಾರಕ್ಕೆ ಬಕಾರ ಹಾಕಿದರೆ ನಮ್ಮ ‘ಬೇಸಗಿ’ಯೇ ಆಯಿತು. ದಿನಬಳಕೆಯಲ್ಲಿ ತೆಲುಗರು ‘ಎಂಡಾಕಾಲಂ’ ಎಂದೂ ಹೇಳುತ್ತಾರೆ. ‘ಎಂಡು’ ಎಂದರೆ ಒಣಗು. ಬೇಯುವ ಕಾಲ ಒಂದು ಹೆಸರಾದರೆ, ಒಣಗುವ ಕಾಲ ಇನ್ನೊಂದು.

ಇಲ್ಲಿ ನಮ್ಮ ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯ ಕೇಳುಗರು ಕಿವಿಗೊಡಬೇಕು. ನಾವು ‘ಬೇಸಿಗೆ’ ಅನ್ನುವುದಿಲ್ಲ, ‘ಬ್ಯಾಸಗಿ’ ಅನ್ನುತ್ತೇವೆ. ನಮ್ಮ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಹೋದಾಗ ಈ ಮಾತು ಕೇಳಿ ನಗುವವರಿದ್ದಾರೆ. ‘ಅದು ಕೆಟ್ಟ ಕನ್ನಡ, ಮರಾಠಿ ಬೆರೆತದ್ದು’ ಎನ್ನುವವರೂ ಇದ್ದಾರೆ. ಮಕ್ಕಳು ನಾಚಿಕೊಂಡು ಆ ಮಾತನ್ನೇ ಬಿಡುತ್ತಾರೆ. ಆದರೆ ತೆಲಂಗಾಣದ ಹಳ್ಳಿಗಳಿಗೆ ಹೋಗಿ ನೋಡಿ. ಅಲ್ಲಿ ‘ವೇಸಂಗಿ’ ಎಂಬುದು ‘ಯಾಸಂಗಿ’ ಆಗಿದೆ. ಇಲ್ಲಿ ‘ಬೇ’ ಹೋಗಿ ‘ಬ್ಯಾ’ ಆಯಿತು, ಅಲ್ಲಿ ‘ವೇ’ ಹೋಗಿ ‘ಯಾ’ ಆಯಿತು. ಏಕಾರ ‘ಯಾ’ ಎಂದು ಬಾಯಗಲಿಸುವ ಈ ರೂಢಿ ಗಡಿಯ ಎರಡೂ ಕಡೆ ಇದೆ. ಬ್ಯಾಸಗಿಯಲ್ಲಿ ಮರಾಠಿಯ ಬೆರಕೆ ಏನೇನೂ ಇಲ್ಲ. ಅದು ಅಚ್ಚ ದ್ರಾವಿಡ ಮಾತು.

ಯಾಸಂಗಿಗೆ ಇನ್ನೊಂದು ಹೆಚ್ಚುಗಾರಿಕೆ ಬಂದಿದೆ. ಅದೀಗ ತೆಲಂಗಾಣದಲ್ಲಿ ಬೆಳೆಯ ಹಂಗಾಮಿನ ಹೆಸರು. ಮಳೆಗಾಲದ ಬೆಳೆಗೆ ‘ವಾನಾಕಾಲಂ’, ಅದು ಮುಗಿದ ಮೇಲೆ ಬಿತ್ತಿ ಬೇಸಿಗೆಯ ಹೊತ್ತಿಗೆ ಕೊಯ್ಯುವ ಬೆಳೆಗೆ ‘ಯಾಸಂಗಿ’. 2014ರಲ್ಲಿ ತೆಲಂಗಾಣ ರಾಜ್ಯವಾದ ಮೇಲೆ ಸರಕಾರದ ಕಾಗದಪತ್ರಗಳಲ್ಲೂ ಈ ಹೆಸರುಗಳು ಬಳಕೆಗೆ ಬಂದವು. ಹಳ್ಳಿಯ ಬಾಯಿಮಾತು ಕಚೇರಿಯ ಮಾತಾಯಿತು. ಅದನ್ನು ಅಲ್ಲಿ ಯಾರೂ ಕೆಟ್ಟ ತೆಲುಗು ಎನ್ನುವುದಿಲ್ಲ.

ಹೀಗೆ ಒಂದೇ ಬೇರಿನ ಮಾತುಗಳನ್ನು ಒಟ್ಟುಗೂಡಿಸಿದ ಕೋಶವೊಂದಿದೆ. ಬರೊ ಮತ್ತು ಎಮೆನೊ ಎಂಬ ವಿದ್ವಾಂಸರ ದ್ರಾವಿಡ ನಿಷ್ಪತ್ತಿ ಕೋಶ ಮೊದಲು 1961ರಲ್ಲಿ, ಪರಿಷ್ಕಾರವಾಗಿ 1984ರಲ್ಲಿ ಪ್ರಕಟವಾಯಿತು. ಬೇಯು, ಬೇಸಗೆ, ವೇನಿಲ್, ವೇನಲ್, ವೇಸವಿ ಎಲ್ಲವೂ ಅಲ್ಲಿ ಒಂದೇ ಅಂಕಣದಲ್ಲಿ ಕೂತಿವೆ. ಎಮೆನೊ ಅವರು 1930ರ ದಶಕದಲ್ಲಿ ನೀಲಗಿರಿಯಲ್ಲಿದ್ದು ತೋಡ, ಕೋತ, ಬಡಗ ಮಾತುಗಳನ್ನು ಜನರ ಬಾಯಿಂದಲೇ ಕೇಳಿ ಬರೆದುಕೊಂಡವರು. ಈ ವಿದ್ಯೆಗೆ ಆಧಾರವಾದದ್ದರಲ್ಲಿ ಒಂದು ಪಾಲು ನಮ್ಮಂಥ ಅಂಚಿನ ಊರುಗಳ ಜನರ ಮಾತೇ ಎಂಬುದನ್ನು ಮರೆಯಬಾರದು.

ತುಳು ಬಲ್ಲ ಕಾಸರಗೋಡಿನ ಕೇಳುಗರಿಗೆ ಒಂದು ಎಚ್ಚರಿಕೆಯ ಮಾತು. ತುಳುವಿನ ಎರಡನೆಯ ತಿಂಗಳು ‘ಬೇಶ’. ಅದು ಬಿರುಬಿಸಿಲಿನ ತಿಂಗಳೇ. ಬೇಶದ ಹತ್ತಕ್ಕೆ, ಅಂದರೆ ಮೇ 24-25ರ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟವೂ ಭೂತಕೋಲಗಳೂ ನಿಲ್ಲುತ್ತವೆ. ‘ಬೇಶ’ವೂ ‘ಬೇಸಗೆ’ಯೂ ಕೇಳಲು ಒಂದೇ ತರಹ, ಕಾಲವೂ ಹೆಚ್ಚುಕಡಿಮೆ ಒಂದೇ. ಆದರೂ ಮೂಲ ಬೇರೆ. ಬೇಶ ಎಂಬುದು ಸಂಸ್ಕೃತದ ವೈಶಾಖ ಸವೆದು ಆದದ್ದು. ತುಳುವರು ಬೇಸಿಗೆಗೆ ‘ಅರೆಗಾಲ’ ಎನ್ನುತ್ತಾರೆ. ದನಿ ಕೂಡಿತೆಂದು ನಂಟು ಹಚ್ಚಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಈಗ ಮರಾಠಿಗೆ ಬರೋಣ. ಅವರ ‘ಉನ್ಹಾಳಾ’ ಬೇರೆ ಕುಲದ್ದು. ಸಂಸ್ಕೃತದ ‘ಉಷ್ಣಕಾಲ’ ಪ್ರಾಕೃತದ ಮೂಲಕ ಸವೆಯುತ್ತ ಸವೆಯುತ್ತ ಉನ್ಹಾಳಾ ಆಯಿತು. ಹಿಮಕಾಲ ‘ಹಿವಾಳಾ’ ಆಯಿತು. ಮಳೆಗಾಲದ ‘ಪಾವಸಾಳಾ’ವೂ ಹೀಗೆಯೇ ಆದದ್ದು. ಮೂರರ ಕೊನೆಯಲ್ಲೂ ಇರುವ ‘ಆಳಾ’ ಎಂಬುದು ‘ಕಾಲ’ ಎಂಬ ಮಾತಿನ ಸವೆದ ತುಂಡು.

ಇದನ್ನು ಗಮನಿಸಿದಾಗ ನನಗೆ ನಮ್ಮ ಭಾಷೆಯದೇ ಒಂದು ವಿಶೇಷ ಕಂಡಿತು. ನಾವು ‘ಮಳೆಗಾಲ’ ಅನ್ನುತ್ತೇವೆ, ‘ಚಳಿಗಾಲ’ ಅನ್ನುತ್ತೇವೆ. ಎರಡಕ್ಕೂ ಸಂಸ್ಕೃತದ ‘ಕಾಲ’ವನ್ನು ಜೋಡಿಸಿದ್ದೇವೆ. ಆದರೆ ‘ಬೇಸಿಗೆ’ಗೆ ಅದು ಬೇಕಿಲ್ಲ. ಬೇಸಿಗೆ ಅಂದರೆ ಸಾಕು, ಋತು ಎಂದೇ ಅರ್ಥ. ತೆಲುಗಿನಲ್ಲೂ ವಾನಾಕಾಲಂ, ಚಲಿಕಾಲಂ ಎಂದು ಜೋಡುಪದ ಬೇಕು, ‘ವೇಸವಿ’ ಮಾತ್ರ ಒಂಟಿಯಾಗಿ ನಿಲ್ಲುತ್ತದೆ. ಮಳೆ ಎಂಬುದು ಸುರಿಯುವ ವಸ್ತುವೂ ಹೌದು, ಚಳಿ ಎಂಬುದು ಮೈಗಾಗುವ ಅನುಭವವೂ ಹೌದು. ಅವು ಋತುವಾಗಲು ‘ಕಾಲ’ದ ಸಹಾಯ ಬೇಕು. ಬೇಸಿಗೆ ಮಾತ್ರ ಋತುವನ್ನು ಹೇಳಲೆಂದೇ ಹುಟ್ಟಿದ ಹೆಸರು.

ಗೋವೆಯ ಕೊಂಕಣಿಯಲ್ಲಿ ಬೇಸಿಗೆಗೆ ‘ಗೀಮ್’ ಎನ್ನುತ್ತಾರೆ. ಇದು ಸಂಸ್ಕೃತದ ‘ಗ್ರೀಷ್ಮ’, ಪ್ರಾಕೃತದಲ್ಲಿ ‘ಗಿಮ್ಹ’. ಈ ಗಿಮ್ಹ ಕಲ್ಲಿನ ಮೇಲೆಯೇ ಉಳಿದಿದೆ. ನಾಸಿಕದ ಗುಹೆಯಲ್ಲಿ ಸಾತವಾಹನ ರಾಣಿ ಗೌತಮಿ ಬಾಲಶ್ರೀ ಕೆತ್ತಿಸಿದ ಶಾಸನವಿದೆ. ಅದರ ತೇದಿ ಪುಳುಮಾವಿ ಅರಸನ 19ನೆಯ ವರ್ಷ, ಗಿಮ್ಹದ ಎರಡನೆಯ ಪಕ್ಷ, 13ನೆಯ ದಿನ. ಆ ಕಾಲದ ಶಾಸನಗಳಲ್ಲಿ ತಿಂಗಳ ಹೆಸರಿಲ್ಲದೆ ಹೀಗೆ ಋತು, ಪಕ್ಷ, ದಿನ ಎಂದು ತೇದಿ ಹಾಕುವ ಪದ್ಧತಿಯಿತ್ತು. ವರ್ಷಕ್ಕೆ ಮೂರೇ ಋತು: ಗಿಮ್ಹ, ವಾಸ, ಹೇಮಂತ. ಬೇಸಿಗೆ, ಮಳೆ, ಚಳಿ. ಒಂದೊಂದಕ್ಕೆ ನಾಲ್ಕು ತಿಂಗಳು, ಎಂಟು ಪಕ್ಷ.

ಇಂಥದೇ ಕಲ್ಲು ನಮ್ಮ ಆದೋನಿ ಸೀಮೆಯಲ್ಲೂ ಇದೆ. ಮ್ಯಾಕದೋಣಿಯ ಶಾಸನ ಪುಳುಮಾವಿ ಎಂಬ ಹೆಸರಿನ ಇನ್ನೊಬ್ಬ ಸಾತವಾಹನ ಅರಸನ 8ನೆಯ ವರ್ಷದ್ದು, ಸುಮಾರು ಕ್ರಿ.ಶ. ಮೂರನೆಯ ಶತಮಾನದ್ದು. ಅದರ ತೇದಿ ಹೇಮಂತದ ಎರಡನೆಯ ಪಕ್ಷದ ಮೊದಲ ದಿನ. ವಿಷಯವೇನು ಗೊತ್ತೇ? ಒಬ್ಬ ಗೃಹಸ್ಥ ಕೆರೆ ತೋಡಿಸಿದ್ದು. ಆ ಬಿಸಿಲ ಸೀಮೆಯಲ್ಲಿ ಸಾವಿರದ ಏಳುನೂರು ವರ್ಷಗಳ ಹಿಂದೆಯೂ ಜನರ ಚಿಂತೆ ನೀರಿನದೇ ಆಗಿತ್ತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಈ ಗೆರೆಗಳಿಗಿಂತ ನಮ್ಮ ಋತುಗಳ ಲೆಕ್ಕ ಬಹಳ ಹಳೆಯದು.

ಹಾಗಾದರೆ ಪಂಚಾಂಗದ ಆರು ಋತುಗಳೇನಾದವು? ಪಂಚಾಂಗದಲ್ಲಿ ಚೈತ್ರ, ವೈಶಾಖ ವಸಂತ; ಜ್ಯೇಷ್ಠ, ಆಷಾಢ ಗ್ರೀಷ್ಮ. ಆದರೆ ನಿಮ್ಮ ಅನುಭವ ಕೇಳಿ ನೋಡಿ. ಮೈ ಬೇಯುವುದು ಚೈತ್ರ, ವೈಶಾಖಗಳಲ್ಲೇ. ಮರಾಠಿಯಲ್ಲಿ ‘ವೈಶಾಖ ವಣವಾ’ ಅಂದರೆ ವೈಶಾಖದ ಕಾಡುಕಿಚ್ಚು ಎಂಬ ಮಾತೇ ಇದೆ. ಆಷಾಢಕ್ಕೆ ನಮ್ಮ ಕಡೆ ಮಳೆ ಹಿಡಿದಿರುತ್ತದೆ. ಆದ್ದರಿಂದ ಪಂಚಾಂಗದ ಗ್ರೀಷ್ಮವೂ ನಮ್ಮ ಬೇಸಿಗೆಯೂ ಒಂದೇ ಅಲ್ಲ. ಶಾಲೆಯ ಪುಸ್ತಕದಲ್ಲಿ ‘ಗ್ರೀಷ್ಮ ಎಂದರೆ ಬೇಸಿಗೆ’ ಎಂದು ಓದಿದ ಮಗು ಆಷಾಢದ ಮಳೆಯಲ್ಲಿ ನೆನೆಯುತ್ತ ಬಂದು ಪ್ರಶ್ನೆ ಕೇಳಿದರೆ ಗದರಿಸಬೇಡಿ. ಅದರ ಪ್ರಶ್ನೆ ಸರಿಯಾಗಿದೆ.

ಇದಕ್ಕೆ ಕಾರಣ ಸೂರ್ಯನ ನಡಿಗೆಯಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಕಾಸರಗೋಡು, ಹೊಸೂರುಗಳಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಸೊಲ್ಲಾಪುರದಲ್ಲಿ ಅದು ಮೇ ಎರಡನೆಯ ವಾರ. ಆ ದಿನ ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿದರೆ ಕ್ಷಣಕಾಲ ನೆರಳೇ ಬೀಳುವುದಿಲ್ಲ. ಮಕ್ಕಳ ಕೈಯಲ್ಲಿ ಮಾಡಿಸಿ ನೋಡಿ. ಆಗ ನೆಲದಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡ ಕಡಿಮೆ, ಹಾಗಾಗಿ ಕಾವೆಲ್ಲ ನೆಲಕ್ಕೇ ಇಳಿಯುತ್ತದೆ. ಜೂನ್ 1ರ ಸುಮಾರಿಗೆ ಮುಂಗಾರು ಕೇರಳಕ್ಕೆ ಕಾಲಿಟ್ಟು ಮೇಲೇರುತ್ತ ಬಂದಂತೆ ಬೇಸಿಗೆ ಮುಗಿಯುತ್ತದೆ. ಹವಾಮಾನ ಇಲಾಖೆಯೂ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳನ್ನೇ ಬೇಸಿಗೆ ಎಂದು ಲೆಕ್ಕ ಹಿಡಿಯುತ್ತದೆ. ನಮ್ಮ ಹಿರಿಯರು ಭರಣಿ, ಕೃತ್ತಿಕೆ, ರೋಹಿಣಿ ಎಂದು ಎಣಿಸಿದ್ದೂ ಇದೇ ಲೆಕ್ಕ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲು ಬಿರಿಯುತ್ತದೆ ಎನ್ನುವುದು ತೆಲುಗರ ಗಾದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವುದು ನಮ್ಮ ಗಾದೆ. ಒಂದೇ ನಕ್ಷತ್ರ, ಒಬ್ಬರಿಗೆ ಬಿಸಿಲಿನ ಕೊನೆ, ಇನ್ನೊಬ್ಬರಿಗೆ ಮಳೆಯ ಮೊದಲು.

ಇನ್ನು ಕಚೇರಿಯ ಮಾತುಗಳು. ನಿಜಾಮರ ಕಾಲದ ಕಂದಾಯ ಲೆಕ್ಕದಲ್ಲಿ ನೀರಾವರಿ ಬೆಳೆಗೆ ‘ಆಬಿ’, ‘ತಾಬಿ’ ಎಂಬ ಎರಡು ಹೆಸರಿದ್ದವು. ‘ಆಬ್’ ಎಂದರೆ ಪಾರಸಿಯಲ್ಲಿ ನೀರು. ಮಳೆಗಾಲದ್ದು ಆಬಿ, ಬೇಸಿಗೆಯದು ತಾಬಿ. ಪಾರಸಿಯಲ್ಲಿ ಬೇಸಿಗೆಗೆ ‘ತಾಬಿಸ್ತಾನ್’ ಎನ್ನುತ್ತಾರೆ. ನಮ್ಮ ಬ್ಯಾಂಕಿನ ಬೆಳೆಸಾಲದ ಅರ್ಜಿಗಳಲ್ಲಿದ್ದುದು ‘ಖರೀಫ್’, ‘ರಬಿ’. ಇವು ಅರಬ್ಬಿ ಮಾತುಗಳು. ಖರೀಫ್ ಎಂದರೆ ಶರತ್ಕಾಲ, ರಬಿ ಎಂದರೆ ವಸಂತ. ಬಿತ್ತುವ ಕಾಲವನ್ನು ಬಿಟ್ಟು ಕೊಯ್ಯುವ ಕಾಲದ ಮೇಲೆ ಇಟ್ಟ ಹೆಸರುಗಳಿವು.

ಅರ್ಜಿ ತುಂಬಿಸಲು ಬರುತ್ತಿದ್ದ ರೈತರು ಒಬ್ಬರೂ ಹಾಗೆ ಹೇಳುತ್ತಿರಲಿಲ್ಲ. ‘ಸಾಹೇಬ್ರ, ಬ್ಯಾಸಗಿ ಶೇಂಗಾಕ್ಕ ಸಾಲ ಬೇಕಾಗೇದ’ ಎಂದು ಕನ್ನಡದವರು, ‘ಉನ್ಹಾಳಿ ಭುಯಿಮೂಗ್’ ಎಂದು ಮರಾಠಿಯವರು. ಒಂದೇ ಹೊಲದ ಬದುವಿನ ಆಚೀಚೆಯವರು. ಬೆಳೆ ಒಂದೇ, ಬಡ್ಡಿ ಒಂದೇ. ಆದರೆ ತನ್ನ ಮಾತಿನಲ್ಲಿ ಕೇಳಿದವನಿಗೆ ಮಾತ್ರ ಸಾಲ ತೀರಿಸುವ ಕಂತಿನ ತಾರೀಖು ಸರಿಯಾಗಿ ತಲೆಗೆ ಹೋಗುತ್ತಿತ್ತು. ಹಂಗಾಮಿನ ಹೆಸರು ತಿಳಿಯದಿದ್ದರೆ ಕಂತು ಯಾವಾಗ ಎಂಬುದೂ ತಿಳಿಯುವುದಿಲ್ಲ. ಮಾತು ಅರ್ಥವಾಗುವುದು ಬಡವನಿಗೆ ಹಣದ ಪ್ರಶ್ನೆಯೂ ಹೌದು ಎಂದು ಆ ಗಲ್ಲೆಯ ಹಿಂದೆ ಕೂತು ನಾನು ಕಲಿತೆ.

ಕೊನೆಗೆ ಇಂಗ್ಲಿಷಿನ ‘ಸಮ್ಮರ್’. ಹಳೆಯ ಇಂಗ್ಲಿಷಿನಲ್ಲಿ ಅದು ‘ಸುಮೊರ್’. ವರ್ಷ ಎಂಬ ಅರ್ಥದ ಸಂಸ್ಕೃತದ ‘ಸಮಾ’ ಎಂಬ ಮಾತಿಗೂ ಅದಕ್ಕೂ ನಂಟಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಆದರೆ ಅವರ ಸಮ್ಮರ್ ಜೂನ್‌ನಿಂದ ಆಗಸ್ಟ್‌ವರೆಗೆ. ಅವರಿಗದು ಕಾದು ಕಾದು ಬರಮಾಡಿಕೊಳ್ಳುವ ಹಿತವಾದ ಬೆಚ್ಚನೆಯ ಕಾಲ. ಆ ತಿಂಗಳುಗಳಲ್ಲಿ ನಾವು ಕೊಡೆ ಹಿಡಿದಿರುತ್ತೇವೆ. ನಮ್ಮ ಬೇಸಿಗೆಯನ್ನು ಕಂಡ ಇಂಗ್ಲಿಷರು ತಡೆಯಲಾರದೆ ಬೆಟ್ಟ ಹತ್ತಿದರು. ಹಾಗಾಗಿಯೇ ಉದಕಮಂಡಲ ಮದರಾಸು ಸರಕಾರದ ಬೇಸಿಗೆಯ ರಾಜಧಾನಿಯಾಯಿತು. ಆದ್ದರಿಂದ ಸಮ್ಮರ್ ಎಂಬ ಮಾತು ನಮ್ಮ ಋತುವಿಗೆ ಎರವಲು ಅಂಗಿಯಂತೆ. ತೊಡಬಹುದು, ಆದರೆ ಮೈಗೆ ಸರಿಯಾಗಿ ಕೂಡುವುದಿಲ್ಲ.

ಇಷ್ಟೆಲ್ಲ ಈಗ ಏಕೆ ಹೇಳಬೇಕು? ಈಗಿನ ಬೇಸಿಗೆ ಜೀವಕ್ಕೇ ಎರವಾಗುವಷ್ಟು ಬಿರುಸಾಗುತ್ತಿದೆ. ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಡಲು ಉಷ್ಣತೆ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಬೆಟ್ಟದ ಸೀಮೆಯಲ್ಲಿ 30 ಮುಟ್ಟಿರಬೇಕು, ಜೊತೆಗೆ ಎಂದಿನ ಮಟ್ಟಕ್ಕಿಂತ ಬಹಳ ಏರಿರಬೇಕು. ನಮ್ಮ ಗಡಿನಾಡುಗಳಲ್ಲಿ ಈ ಮೂರೂ ಇವೆ: ಸೊಲ್ಲಾಪುರದ ಬಯಲು, ಕಾಸರಗೋಡಿನ ಕರಾವಳಿ, ನೀಲಗಿರಿಯ ಬೆಟ್ಟ. ಎಚ್ಚರಿಕೆ ಬರುವುದು ರಾಜ್ಯದ ಭಾಷೆಯಲ್ಲಿ. ಅದನ್ನು ಓದಬಲ್ಲ ಮೊಮ್ಮಗನಿಗೂ, ಬಿಸಿಲಲ್ಲಿ ಕಳೆ ಕೀಳಲು ಹೋಗುವ ಅಜ್ಜಿಗೂ ನಡುವೆ ಮಾತಿನ ಸೇತುವೆ ಇರಬೇಕು. ಮೊಮ್ಮಗ ‘ವೇಸವಿ’ ಬಲ್ಲ, ‘ಬೇಸಿಗೆ’ ಮರೆತಿದ್ದಾನೆ ಎಂದಾದರೆ ಆ ಸೇತುವೆ ಮುರಿಯಿತು.

ಹಿಂದೆ ನಮ್ಮವರು ಬೇಸಿಗೆಗೆ ಮಾಡುತ್ತಿದ್ದ ಒಂದು ಉಪಾಯವೂ ಭಾಷೆಯಲ್ಲೇ ಉಳಿದಿದೆ. ದಾರಿಹೋಕರಿಗೆ ನೀರು ಕೊಡುವ ‘ಅರವಟ್ಟಿಗೆ’ಗೆ ದತ್ತಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಬರುತ್ತದೆ. ಅದೇ ತೆಲುಗಿನ ‘ಚಲಿವೇಂದ್ರಂ’, ತಮಿಳು ಮಲಯಾಳಗಳ ‘ತಣ್ಣೀರ್ ಪಂದಲ್’, ಮರಾಠಿಯ ‘ಪಾಣಪೋಯಿ’. ಅಲ್ಲಿ ನೀರು ಕುಡಿಯಲು ಬಂದವನ ಭಾಷೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ.

ಬಂಧುಗಳೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ನಿಮ್ಮ ಮಕ್ಕಳ ಕೈಗೆ ಒಂದು ವಹಿ ಕೊಡಿ. ಒಂದು ಬದಿಯಲ್ಲಿ ಶಾಲೆಯ ಭಾಷೆಯ ಮಾತು, ಇನ್ನೊಂದು ಬದಿಯಲ್ಲಿ ಮನೆಯ ಮಾತು ಬರೆಸಿ. ಬೇರು-ವೇರು, ಬೆಣ್ಣೆ-ವೆನ್ನ, ಬೇಸಗೆ-ವೇಸವಿ. ಮನೆಯಲ್ಲಿ ‘ಬ್ಯಾಸಗಿ’ ಎಂದರೆ ‘ಬ್ಯಾಸಗಿ’ ಎಂದೇ ಬರೆಸಿ, ತಿದ್ದಬೇಡಿ. ನೂರು ಮಾತು ಆಗುವ ಹೊತ್ತಿಗೆ ಆ ಮಗುವಿಗೆ ಎರಡು ಭಾಷೆಗಳೂ ಚೆನ್ನಾಗಿ ಬಂದಿರುತ್ತವೆ, ಮನೆಯ ಮಾತಿನ ಬಗ್ಗೆ ನಾಚಿಕೆಯೂ ಹೋಗಿರುತ್ತದೆ.

ಬಿಸಿಲು ಜೋರಾಗಿದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊಲದ ಕೆಲಸ ಬಿಡಿ. ಮನೆಯ ಮುಂದೆ ಒಂದು ಕೊಡ ನೀರಿಡಿ.